ಬಚ್ಚಲುಮನೆಯ ಜ್ವಾಲಾಮುಖಿ

ನಮ್ಮ ಮನೆಯ ಬಚ್ಚಲಲ್ಲಿ ಒಂದು ಜ್ವಾಲಾಮುಖಿ ಇದೆ. ನಂಬದಿದ್ದರೆ ಅರಬರ ನಾಡಿನ ಈ ಖಮೀಸ್ ಮುಶೈತಿಗೆ ಬನ್ನಿ, ತೋರಿಸುತ್ತೇನೆ. ಶ್ಯಾಂಪೂ ಬಾಟಲಿಗೂ ಅಪ್ಪನ ಶೇವಿಂಗ್ ಬ್ರಷ್ಷಿಗೂ ನಡುವೆ ಕಿಟಕಿಯ ಅಂಚಿನಲ್ಲಿ ಕೂತಿರುತ್ತದೆ. ಮುಷ್ಟಿಯಷ್ಟು ಗಾತ್ರ, ಕಾವಲಿಯ ಮೇಲೆ ಮರೆತುಬಿಟ್ಟ ನೀರುದೋಸೆಯ ಹಾಗೆ ಕಪ್ಪು, ಮೈತುಂಬ ತೂತು. ಒಂದು ಕಾಲದಲ್ಲಿ ಭೂಮಿಯ ಹೊಟ್ಟೆಯಿಂದ ಬೆಂಕಿಯಾಗಿ ಚಿಮ್ಮಿ ಕೆಂಪು ಸಮುದ್ರವನ್ನೇ ಕೊತಕೊತ ಕುದಿಸಿದ ಪದಾರ್ಥ ಅದು. ಈಗ ಅಮ್ಮ ಅದರಲ್ಲಿ ಹಿಮ್ಮಡಿ ಉಜ್ಜುತ್ತಾಳೆ.

ಇವತ್ತು ಬೆಳಿಗ್ಗೆ ಬಚ್ಚಲು ತೊಳೆಯುವ ಕೆಲಸ ನನ್ನ ಪಾಲಿಗೆ ಬಂತು. ಈದ್ ರಜೆಗೆ ಯಾನ್ಬುವಿನಿಂದ ಚಿಕ್ಕಮ್ಮ, ಚಿಕ್ಕಪ್ಪ, ಅವರ ಮಗಳು ಪುಟ್ಟಿ ಬರುವವರಿದ್ದರು. ಚಿಕ್ಕಮ್ಮ ನರ್ಸ್. ಬಂದವಳು ಮೊದಲು ನೋಡುವುದು ನಮ್ಮ ಮುಖವನ್ನಲ್ಲ, ನಲ್ಲಿಯ ಸಂದಿಯನ್ನು. ಹಾಗಾಗಿ ನಾನು ಕಲ್ಲನ್ನೆತ್ತಿ, ಅದರ ತೂತುಗಳಲ್ಲಿ ಸೇರಿದ್ದ ಸಾಬೂನಿನ ಲೋಳೆ ತೊಳೆಯುತ್ತ, ತೊಳೆಯುತ್ತ, ಕೊನೆಗೆ ತೊಳೆಯುವುದನ್ನು ನಿಲ್ಲಿಸಿ ಬಕೆಟ್ಟಿನ ಮೇಲೆ ಕೂತುಬಿಟ್ಟೆ. ನನಗೀಗ ಹದಿನೇಳು. ಈ ಪ್ರಾಯದವರು ಬಕೆಟ್ಟಿನ ಮೇಲೆ ಕೂತು ಹಳೆಯದನ್ನು ನೆನೆಸಿಕೊಳ್ಳಬಾರದು ಎಂದೇನೂ ಇಲ್ಲವಲ್ಲ. ನೀವೂ ಒಂದು ಬಕೆಟ್ ಎಳೆದುಕೊಳ್ಳಿ.

ಆಗ ನನಗೆ ಹನ್ನೆರಡು. ಚಿಕ್ಕಮ್ಮ ಇಲ್ಲಿಯದೇ ಆಸ್ಪತ್ರೆಯಲ್ಲಿದ್ದಳು. ವಾರವಿಡೀ ಹಾಸ್ಟೆಲು, ಶುಕ್ರವಾರದ ರಜೆ ಬಂದರೆ ನಮ್ಮ ಮನೆ, ಅದರಲ್ಲೂ ನನ್ನ ಕೋಣೆ, ಅದರಲ್ಲೂ ನನ್ನ ಹಾಸಿಗೆಯ ಗೋಡೆ ಕಡೆಯ ಅರ್ಧ. ನನ್ನ ಕತೆಗಳನ್ನು ಕೊನೆಯವರೆಗೆ ಕೇಳುವ ಒಂದೇ ಒಂದು ಜೀವಿ ಅವಳು. ಕೇಳುತ್ತಿದ್ದಳು ಅಂದರೆ ನಂಬುತ್ತಿದ್ದಳು ಅಂತಲ್ಲ. ಶಾಲೆಯ ಬಸ್ಸಿನ ಹಿಂದೆ ಇಪ್ಪತ್ತು ನಾಯಿ ಓಡಿ ಬಂದವು ಎಂದರೆ, ಮಲಗಿದಲ್ಲಿಂದಲೇ ಕಣ್ಣು ಮುಚ್ಚಿಕೊಂಡು, "ಡೋಸ್ ಜಾಸ್ತಿ ಆಯ್ತು, ಕಡಿಮೆ ಮಾಡು" ಅನ್ನುತ್ತಿದ್ದಳು. ನಾನು ಹತ್ತಕ್ಕೆ ಇಳಿಯುತ್ತಿದ್ದೆ. "ಇನ್ನೂ." ಐದು. "ಇನ್ನೂ." ಕೊನೆಗೆ ಒಂದು ನಾಯಿ, ಅದೂ ಮಲಗಿತ್ತು ಎನ್ನುವಲ್ಲಿಗೆ ಒಪ್ಪಂದ ಆಗುತ್ತಿತ್ತು. ಅಮ್ಮನಿಗೆ ಅಷ್ಟು ಪುರುಸೊತ್ತಿಲ್ಲ. ಅವಳು ಏನು ಕೇಳಿದರೂ ಅರ್ಧ ಮಾಡಿ ಸುಮ್ಮನಾಗುತ್ತಿದ್ದಳು.

ಇಂಥ ಚಿಕ್ಕಮ್ಮನಿಗೆ ಮದುವೆ ಮಾಡಬೇಕು ಎಂದು ಅಮ್ಮನಿಗೂ ಊರಿನಲ್ಲಿ, ಕಾಪುವಿನಲ್ಲಿ ಕೂತ ಅಜ್ಜಿಗೂ ಹಠ. ಊರಿನಲ್ಲಾದರೆ ಹೆಣ್ಣು ನೋಡುವುದು ಎಷ್ಟು ಸುಲಭ ನೋಡಿ. ಉಪ್ಪಿಟ್ಟು, ಕೇಸರಿಬಾತು, ಒಂದು ಚಾವಡಿ, ನಾಚಿಕೊಳ್ಳಲು ಒಂದು ಬಾಗಿಲ ಸಂದಿ. ಇಲ್ಲಿ ನಮ್ಮ ಫ್ಲಾಟಿನಲ್ಲಿ ಬಾಗಿಲ ಸಂದಿಯಲ್ಲಿ ನಿಂತರೆ ಫ್ರಿಜ್ ತೆರೆಯಲು ಆಗುವುದಿಲ್ಲ. ಮಾಲಿನಲ್ಲಿ ಇಬ್ಬರೇ ಮಾತಾಡುತ್ತ ತಿರುಗುವ ಕಾಲ ಅದಲ್ಲ. ಹೋಟೆಲಿಗೆ ಹೋದರೆ ಫ್ಯಾಮಿಲಿ ಸೆಕ್ಷನ್, ಪರದೆ ಎಳೆದ ಗೂಡು. ಹಿಂದಿನ ಒಬ್ಬ ಹುಡುಗನನ್ನು ಅಂಥ ಗೂಡಿನಲ್ಲೇ ನೋಡಿದ್ದಾಯಿತು. ಅವನು ಇಸ್ತ್ರಿ ಹಾಕಿದ ಶರ್ಟಿನಲ್ಲಿ ಕೂತು, ಒಂದಿಡೀ ಕೋಳಿ ಮುಗಿಯುವವರೆಗೆ ತನ್ನ ಬೆಂಗಳೂರಿನ ಫ್ಲಾಟಿನ ಟೈಲ್ಸ್ ಬಗ್ಗೆ ಮಾತಾಡಿದ. ಚಿಕ್ಕಮ್ಮ ಬೇಡ ಅಂದಳು.

ಮುಂದಿನ ಹುಡುಗನ ಜಾತಕ ಬಂದಾಗ ಅವಳೇ ಒಂದು ಶರತ್ತು ಹಾಕಿದಳು. ಹುಡುಗನನ್ನು ದೋಣಿಯಲ್ಲಿ ನೋಡುತ್ತೇನೆ. ಇಲ್ಲಿಯ ಘಟ್ಟದ ಕೆಳಗೆ ಕೆಂಪು ಸಮುದ್ರದಲ್ಲಿ ಕಪ್ಪು ಕಲ್ಲಿನ ದ್ವೀಪಗಳಿವೆ, ಹಕ್ಕಿಗಳಿವೆ, ಆಮೆಗಳಿವೆ, ಹೋಗಿ ಬಂದ ಹಾಗೂ ಆಯಿತು, ನೋಡಿದ ಹಾಗೂ ಆಯಿತು ಎಂದು ಅಮ್ಮನಿಗೆ ಹೇಳಿದಳು. ನಿಜವಾದ ಕಾರಣ ನನಗೆ ಮಾತ್ರ ಗೊತ್ತು. ಆ ರಾತ್ರಿ ಗೋಡೆ ಕಡೆಯ ಅರ್ಧದಿಂದ ಅವಳು ಹೇಳಿದಳು: "ಒಳ್ಳೆ ಶರ್ಟ್ ಹಾಕಿ ಕೂತವನನ್ನು ನೋಡಿ ಎಂತ ಗೊತ್ತಾಗ್ತದೆ ಹೇಳು? ವಾರ್ಡಲ್ಲಿ ದಿನಾ ನೋಡ್ತೇನೆ ನಾನು. ಹೊಟ್ಟೆ ತೊಳಸುವಾಗ ಮನುಷ್ಯ ಹೇಗಿರ್ತಾನೆ, ಅಷ್ಟೇ ಅವನು. ಕೆಲವರು ಕೂಗ್ತಾರೆ, ಕೆಲವರು ಹೆಂಡತಿಗೆ ಬೈತಾರೆ. ಕೆಲವರು ಬಕೆಟ್ ಹಿಡಿದವಳಿಗೆ ಥ್ಯಾಂಕ್ಸ್ ಹೇಳ್ತಾರೆ. ಇವನನ್ನು ಸಣ್ಣ ದೋಣಿಯಲ್ಲಿ ಕೂರಿಸ್ತೇನೆ, ಕುಲುಕ್ತೇನೆ, ನೋಡ್ತೇನೆ."

ವಾಂತಿ ಪರೀಕ್ಷೆ. ನನಗೆ ಅದಕ್ಕಿಂತ ಖುಷಿಯ ಸುದ್ದಿ ಬೇಕೇ? ಹುಡುಗನ ಕೆಲಸ ಯಾನ್ಬುವಿನಲ್ಲಿ. ನಕ್ಷೆಯಲ್ಲಿ ಖಮೀಸಿನ ಮೇಲೆ ಹೆಬ್ಬೆರಳಿಟ್ಟರೆ ಯಾನ್ಬುವಿಗೆ ಕಿರುಬೆರಳು ಎಟಕುತ್ತಿರಲಿಲ್ಲ. ಅವನು ಪಾಸಾದರೆ ನನ್ನ ಶುಕ್ರವಾರಗಳು ಹೋದವು, ಹಾಸಿಗೆಯ ಗೋಡೆ ಕಡೆಯ ಅರ್ಧ ಖಾಲಿ ಆಯಿತು. ಅವನು ಫೇಲಾಗಲೇಬೇಕು, ಅದಕ್ಕೆ ನನ್ನಿಂದ ಆಗುವ ಸಹಾಯವನ್ನೆಲ್ಲ ಮಾಡುವುದು ಎಂದು ತೀರ್ಮಾನಿಸಿ ನಾನು ಸುಖವಾಗಿ ನಿದ್ದೆ ಹೋದೆ.

ಹುಡುಗ ವಿಮಾನದಲ್ಲಿ ಪಕ್ಕದ ಊರು ಅಭಾಕ್ಕೆ ಬಂದಿಳಿದ. ಹುಡುಗ ಅಂದರೆ ಮೂವತ್ತು ದಾಟಿದ, ನೆತ್ತಿಯಲ್ಲಿ ಕೂದಲು ರಾಜೀನಾಮೆ ಕೊಡಲು ಶುರುಮಾಡಿದ್ದ ಹುಡುಗ. ಹೆಸರು ಹರೀಶ. ಮೂಲ ನಮ್ಮ ಕಡೆಯವರೇ, ಆದರೆ ಅವನ ಅಪ್ಪ ದಾವಣಗೆರೆಯಲ್ಲಿ ಹೋಟೆಲು ಇಟ್ಟಿದ್ದರಿಂದ ಬೆಳೆದದ್ದೆಲ್ಲ ಅಲ್ಲಿ. ತುಳು ಅರ್ಥವಾಗುತ್ತದೆ, ಬಾಯಲ್ಲಿ ಹೊರಡುವುದಿಲ್ಲ. ಅವನಿಗೋಸ್ಕರ ನಾವೆಲ್ಲ ಆ ದಿನ ಕನ್ನಡದಲ್ಲಿ ಮಾತಾಡಿದೆವು. ನಾವು 'ಉಂಟು' ಅಂದರೆ ಅವನು 'ಐತಿ' ಅನ್ನುತ್ತಿದ್ದ. ಯಾನ್ಬುವಿನ ಒಂದು ಕಾರ್ಖಾನೆಯಲ್ಲಿ ಸೇಫ್ಟಿ ಇನ್‌ಸ್ಪೆಕ್ಟರ್. ಕೈಯಲ್ಲಿ ಹೂವಿಲ್ಲ, ಚಾಕೊಲೇಟಿಲ್ಲ. ಒಂದು ದೊಡ್ಡ ಚೀಲದಲ್ಲಿ ಐದು ಲೈಫ್ ಜಾಕೆಟ್ ತಂದಿದ್ದ, ನನ್ನ ಅಳತೆಯದ್ದೂ ಸೇರಿ. ಹೆಣ್ಣು ನೋಡಲು ಲೈಫ್ ಜಾಕೆಟ್ ತಂದ ಗಂಡನ್ನು ಚರಿತ್ರೆಯಲ್ಲಿ ನೀವು ನೋಡಿದ್ದೀರಾ? ಅಮ್ಮ ಅಡಿಗೆಮನೆಗೆ ಹೋಗಿ ನಕ್ಕು ಬಂದಳು.

ಮರುದಿನ ಬೆಳಿಗ್ಗೆ ಘಟ್ಟ ಇಳಿದೆವು. ನೀವು ಆ ರಸ್ತೆ ನೋಡಿಲ್ಲವಾದರೆ ಹೀಗೆ ಊಹಿಸಿಕೊಳ್ಳಿ: ಆಕಾಶದಿಂದ ಯಾರೋ ಚಕ್ಕುಲಿ ಒತ್ತಿ ಕೆಳಗೆ ಬಿಟ್ಟಿದ್ದಾರೆ, ಅದರ ಮೇಲೆ ನಮ್ಮ ಕಾರು. ವನ್ಯಜೀವಿ ದರ್ಶನ ಅಲ್ಲೇ ಶುರುವಾಯಿತು. ಒಂದು ತಿರುವಿನಲ್ಲಿ ಬಬೂನ್ ಕೋತಿಗಳು, ಕುತ್ತಿಗೆಗೆಲ್ಲ ಬೂದು ಜೂಲು, ಬೇಲಿಯ ಮೇಲೆ ನೂರಾರು. ಸರಿ, ಹತ್ತು. ಅಪ್ಪ ತನ್ನ ಹೊಸ ಹ್ಯಾಂಡಿಕ್ಯಾಮಿನಲ್ಲಿ ಅವುಗಳನ್ನು ಹಿಡಿಯಲು ಕಿಟಕಿ ಇಳಿಸಿದ್ದೇ ತಡ, ಒಂದು ಗಡವ ಕೈ ಹಾಕಿ ಬಾಳೆಹಣ್ಣಿನ ಚೀಲ ಎತ್ತಿಕೊಂಡು, ಹೋಗುವಾಗ ಅಪ್ಪನ ಭುಜವನ್ನು ತಟ್ಟಿ ಹೋಯಿತು.

ಈ ಹ್ಯಾಂಡಿಕ್ಯಾಮಿನ ಬಗ್ಗೆ ನಿಮಗೆ ಹೇಳಲೇಬೇಕು. ಅಪ್ಪನದು ಕಾರಿನ ಬಿಡಿಭಾಗಗಳ ಅಂಗಡಿ, ಮನಸ್ಸು ಮಾತ್ರ ಸಿನೆಮಾದಲ್ಲಿ. ಆ ದಿನ ನಡೆಯುವುದನ್ನೆಲ್ಲ ಚಿತ್ರಿಸಿ ಅಜ್ಜಿಗೆ ಕಳಿಸುವುದು ಎಂದು ಮೊದಲೇ ನಿಶ್ಚಯವಾಗಿತ್ತು. ಅಜ್ಜಿ ಅದನ್ನು ಟಿವಿಗೆ ಹಾಕಿಸಿ ಅಕ್ಕಪಕ್ಕದವರನ್ನೆಲ್ಲ ಚಾಪೆ ಹಾಸಿ ಕೂರಿಸುತ್ತಾಳೆ. ಚಿಕ್ಕಮ್ಮನ ಒಂದು ಸೀನು ಕೂಡ ಕಾಪುವಿನಲ್ಲಿ ವರ್ಷಗಟ್ಟಲೆ ಓಡುವ ಸಂಭವ ಇತ್ತು. ಅವಳಿಗೆ ಅದೊಂದೇ ಭಯ.

ಘಟ್ಟದ ಕೆಳಗೆ ಧಗೆ. ಕಡಲತಡಿಯ ಒಂದು ಸಣ್ಣ ಊರಿನ ಜೆಟ್ಟಿಯಲ್ಲಿ ಕೋಸ್ಟ್ ಗಾರ್ಡಿನ ಸೈನಿಕ ನಮ್ಮೆಲ್ಲರ ಇಕಾಮಾ, ಅಂದರೆ ಇಲ್ಲಿ ವಾಸಿಸುವ ಪರವಾನಗಿ ಕಾರ್ಡು, ನೋಡಿ, ಹರೀಶನ ಬೆನ್ನಮೇಲಿನ ಲೈಫ್ ಜಾಕೆಟ್ ಗುಡ್ಡೆ ನೋಡಿ, ಎಷ್ಟು ದಿನಕ್ಕೆ ಹೋಗುತ್ತಿದ್ದೀರಿ ಎಂದು ಕೇಳಿದ. ದೋಣಿಯನ್ನು ನಾನು ಈಗಲೂ ಶಾಲೆಯಲ್ಲಿ 'ಕ್ರೂಸ್' ಎಂದೇ ಹೇಳುವುದು. ನಮ್ಮ ಕಾರಿಗಿಂತ ಒಂದು ಮಂಚದಷ್ಟು ಉದ್ದ, ಮೇಲೆ ನೀಲಿ ಟಾರ್ಪಾಲು, ಹಿಂದೆ ಕೆಮ್ಮುವ ಒಂದು ಎಂಜಿನ್. ಕ್ಯಾಪ್ಟನ್ ಅಬು ಸಾಲೆಹ್, ಬಿಳಿ ಗಡ್ಡದ ಮುದುಕ. ಅವನಿಗೆ ನಮ್ಮ ಭಾಷೆ ಬರದು, ಅಪ್ಪನ ಅರಬಿ ಬಿಡಿಭಾಗಗಳ ಹೆಸರಿನ ಆಚೆ ಹೋಗದು. ಹಾಗಾಗಿ ಇಡೀ ಸಂಭಾಷಣೆ ಎರಡು ಮಾತಿನಲ್ಲಿ ನಡೆಯಿತು. ಇದೆ ಎನ್ನಲು 'ಫೀ', ಇಲ್ಲ ಎನ್ನಲು 'ಮಾಫಿ'. ಬದುಕಿಗೆ ಇನ್ನೇನು ಬೇಕು ಹೇಳಿ.

ದ್ವೀಪಗಳು ಕಾಣತೊಡಗಿದವು. ಹೇಳುತ್ತೇನೆ ಕೇಳಿ, ಇದರಲ್ಲಿ ಡೋಸ್ ಏನೂ ಹೆಚ್ಚಿಲ್ಲ: ಹಸಿರು ಗಾಜಿನಂಥ ನೀರು, ಅದರ ನಡುವೆ ಕರಿ ಕರಿ ಗುಡ್ಡೆಗಳು, ದೇವರು ಒಲೆ ಉರಿಸಿ ಕೆಂಡಕ್ಕೆ ನೀರೆರಚಿ ಹೋದ ಹಾಗೆ. ಒಂದು ಹಸಿರೆಲೆ ಇಲ್ಲ. ಆದರೆ ಬಂಡೆಯ ತುಂಬ ಹಕ್ಕಿ. ಕಂದು ಮೈಯ ದೊಡ್ಡ ಕಡಲಹಕ್ಕಿಗಳು ಸಾಲಾಗಿ ಕೂತು, ನಾಳೆ ಬಾ ಎನ್ನುವ ಗುಮಾಸ್ತರ ಮುಖದಲ್ಲಿ ನಮ್ಮನ್ನು ನೋಡಿದವು. ಒಂದು ಆಮೆ ತಲೆ ಎತ್ತಿ, ಅಬಾಯಾದೊಳಗೆ ಗಾಳಿ ತುಂಬಿಕೊಂಡು ಕಪ್ಪು ಬಲೂನಿನಂತಾಗಿದ್ದ ಅಮ್ಮನನ್ನು ಕಂಡು ಹೆದರಿ ಮುಳುಗಿತು. ಹಾರುವ ಮೀನೊಂದು ಅಪ್ಪನ ಕಿವಿಯ ಪಕ್ಕದಲ್ಲೇ ಹಾದುಹೋಯಿತು. ನಾನು ಕುತ್ತಿಗೆಗೆ ದುರ್ಬೀನು ಹಾಕಿಕೊಂಡು ಪ್ರತಿಯೊಂದಕ್ಕೂ ವ್ಯಾಖ್ಯಾನ ಕೊಡುತ್ತಿದ್ದೆ. ಅಮ್ಮನ ವ್ಯಾಖ್ಯಾನ ಬೇರೆ. ಅವಳು ಪ್ರತಿ ಮೀನಿಗೂ ಇದರ ಗಸಿ ಆಗ್ತದಾ, ಫ್ರೈಯಾ ಎಂದು ವಿಚಾರಿಸುತ್ತಿದ್ದಳು.

ನಡುವೆ ನನ್ನ ಕೆಲಸವೂ ಸಾಗುತ್ತಿತ್ತು. ದೋಣಿಯ ಮೂತಿಯಲ್ಲಿ ಕುಲುಕು ಹೆಚ್ಚೆಂದು ಹರೀಶನನ್ನು ಅಲ್ಲೇ ಕೂರಿಸಿದ್ದೆ, ನೋಟ ಚೆನ್ನಾಗಿರುತ್ತದೆ ಎಂದು ನಂಬಿಸಿ. ಆಮೇಲೆ ಸ್ಟೀಲ್ ಡಬ್ಬಿ ತೆಗೆದು ಉಪ್ಪಿಟ್ಟು ಬಡಿಸಿದೆ. ಅದರ ಮೇಲೆ ತುಪ್ಪ ಸೋರುವ ಕೇಸರಿಬಾತು. ಅವನು ತಿಂದ. ಮತ್ತೆ ಬಡಿಸಿದೆ, ಮತ್ತೆ ತಿಂದ. ಎಂಜಿನ್ನಿನ ಹೊಗೆ ಅವನ ಮೂಗಿಗೇ ಬರುವ ಹಾಗೆ ಜಾಗ ಬದಲಿಸಿದೆ. ಅವನು ಹೊಗೆಯ ನಡುವೆ ಕೂತು, ಉಪ್ಪಿಟ್ಟಿಗೆ ಇನ್ನೊಂದು ಚೂರು ಶುಂಠಿ ಬೀಳಬೇಕಿತ್ತು ಎಂದು ವಿನಯದಿಂದ ಅಭಿಪ್ರಾಯಪಟ್ಟ. ಹೋಟೆಲಿನವರ ಮಕ್ಕಳ ಹೊಟ್ಟೆಯನ್ನು ಯಾವ ಲೋಹದಲ್ಲಿ ಮಾಡುತ್ತಾರೋ. ಡಬ್ಬಿ ಖಾಲಿಯಾಯಿತು. ಪರೀಕ್ಷೆ ಶುರುವೇ ಆಗಲಿಲ್ಲ. ನಾನು ಹತಾಶಳಾಗಿ ಚಿಕ್ಕಮ್ಮನ ಕಡೆ ನೋಡಿದೆ.

ಚಿಕ್ಕಮ್ಮನ ಮುಖ ಹಾಗಲಕಾಯಿಯ ಬಣ್ಣಕ್ಕೆ ತಿರುಗಿತ್ತು.

ಹಿಂದಿನ ದಿನದ ನೈಟ್ ಡ್ಯೂಟಿ, ಖಾಲಿ ಹೊಟ್ಟೆ, ಘಟ್ಟದ ತಿರುವು. ಎಲ್ಲ ಲೆಕ್ಕ ಹಾಕಿ ಬಲೆ ಹೆಣೆದವಳು ತನ್ನನ್ನೇ ಲೆಕ್ಕಕ್ಕೆ ಹಿಡಿದಿರಲಿಲ್ಲ. ಅದೇ ಹೊತ್ತಿಗೆ ಅಬು ಸಾಲೆಹ್, ಬಂಡೆಯ ಮೇಲೆ ಗೂಡು ಕಟ್ಟಿದ್ದ ಮೀನುಗಿಡುಗವೊಂದು ಹೆದರದಿರಲಿ ಎಂದು ಎಂಜಿನ್ ಆರಿಸಿಬಿಟ್ಟ. ಓಡುವ ದೋಣಿಗಿಂತ ನಿಂತ ದೋಣಿ ಹೆಚ್ಚು ಹೊರಳುತ್ತದೆ. ತೊಟ್ಟಿಲಿನ ಹಾಗೆ ಆಚೆ, ಈಚೆ. ಚಿಕ್ಕಮ್ಮ ಎರಡೂ ಕೈಯಲ್ಲಿ ಖಾಲಿ ಡಬ್ಬಿಯನ್ನು ಬಾಚಿಕೊಂಡಳು. ಅಪ್ಪನಿಗೆ ಅದು ಕಾಣಲಿಲ್ಲ. ಗಿಡುಗನ ಗೂಡಿನಲ್ಲಿ ಯಾರದೋ ಹವಾಯಿ ಚಪ್ಪಲಿ ಸೇರಿಕೊಂಡಿದ್ದನ್ನು ಚಿತ್ರಿಸಿ ಮುಗಿಸಿ, ವಾರ್ತೆ ಓದುವವರ ಗಂಟಲಲ್ಲಿ, "ಇನ್ನು ನಾವು ಮದುಮಗಳ ಕಡೆಗೆ ಬರುವ" ಎನ್ನುತ್ತ ಕ್ಯಾಮರಾವನ್ನು ನಿಧಾನ ತಿರುಗಿಸತೊಡಗಿದ್ದ.

ಕ್ಯಾಮರಾ ಬರುತ್ತಿದೆ. ಚಿಕ್ಕಮ್ಮನ ಕಣ್ಣು ನನ್ನ ಮೇಲಿದೆ. ಕಾಪುವಿನಲ್ಲಿ ಚಾಪೆ ಹಾಸುತ್ತಿದ್ದಾರೆ.

"ಅಲ್ನೋಡ್ರಿ, ಡಾಲ್ಫಿನ್" ಅಂದ ಹರೀಶ. ಕೈ ಚಿಕ್ಕಮ್ಮನಿಗೆ ಸರಿಯಾಗಿ ಎದುರು ದಿಕ್ಕಿಗೆ ಚಾಚಿತ್ತು.

ಅಪ್ಪ, ಅಮ್ಮ, ಕ್ಯಾಮರಾ ಮೂವರೂ ಒಂದೇ ಸಲ ಗಿರಕ್ಕನೆ ಆಚೆ ತಿರುಗಿದರು. ದೋಣಿ ಅತ್ತ ವಾಲಿತು. ಅಬು ಸಾಲೆಹ್ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ, ತಲೆಯಾಡಿಸಿ, "ಮಾಫಿ" ಅಂದ. ಹರೀಶ ಅವನನ್ನೇ ನೋಡಿದ. ಮುದುಕ ಹಿಂದೆ ತಿರುಗಿ, ಡಬ್ಬಿಯೊಳಗೆ ಮುಖ ಹುದುಗಿಸಿದ್ದ ಚಿಕ್ಕಮ್ಮನನ್ನು ಕಂಡ. ಗಡ್ಡ ನೀವಿಕೊಂಡ. "ಫೀ, ಫೀ" ಅಂದ, ಗಂಭೀರವಾಗಿ.

ಅಮ್ಮನಿಗೆ ಅನುಮಾನ. ಅವಳಿಗೆ ಏನೂ ಕಾಣುತ್ತಿಲ್ಲ. ಎಲ್ಲಿ, ಎಲ್ಲಿ ಎಂದು ಕೇಳಿ ಕೇಳಿ, ಇನ್ನೇನು ಬೇಸತ್ತು ಈಚೆ ತಿರುಗಬೇಕು, ನನ್ನ ದುರ್ಬೀನು ನೆನಪಾಯಿತು. "ಹೌದನೇ, ನಿನಗೆ ಕಾಣ್ತದಾ?"

ನಾನು ದುರ್ಬೀನು ಎತ್ತಿದೆ. ಕಡಲು ತೊಳೆದಿಟ್ಟ ಹರಿವಾಣದ ಹಾಗೆ ಖಾಲಿ. ನಿಮ್ಮಲ್ಲಿ ಮುಚ್ಚಿಡುವುದೇನು, ಇಲ್ಲ ಎಂಬ ಒಂದು ಮಾತು ಸಾಕಿತ್ತು. ಅಮ್ಮ ತಿರುಗುತ್ತಿದ್ದಳು, ಕ್ಯಾಮರಾ ತಿರುಗುತ್ತಿತ್ತು. ಈ ಹುಡುಗನ ಮುಖವನ್ನು ಚಿಕ್ಕಮ್ಮ ಜನ್ಮದಲ್ಲಿ ಮತ್ತೆ ನೋಡುತ್ತಿರಲಿಲ್ಲ. ಶುಕ್ರವಾರಗಳು ನನ್ನವೇ. ದುರ್ಬೀನಿನ ಅಡಿಯಿಂದ ಒಂದು ಸಲ ಹರೀಶನ ಕಡೆ ನೋಡಿದೆ. ಅವನು ನನಗೆ ಸನ್ನೆ ಏನೂ ಮಾಡಲಿಲ್ಲ. ಕೈ ಚಾಚಿಕೊಂಡೇ ಇದ್ದ. ಒಂದು ಸಲವೂ ಹಿಂದೆ ತಿರುಗಿ ಚಿಕ್ಕಮ್ಮನ ಕಡೆ ನೋಡಲಿಲ್ಲ. ಅವನ ಇನ್ನೊಂದು ಕೈ ಮಾತ್ರ ಬೆನ್ನ ಹಿಂದಿನಿಂದ ನೀರಿನ ಬಾಟಲಿಯನ್ನು ಅವಳ ಕಡೆಗೆ ಒಂದೊಂದೇ ಅಂಗುಲ ತಳ್ಳುತ್ತಿತ್ತು.

ನನ್ನ ಬಾಯಿಗೆ ಅಭ್ಯಾಸಬಲದಿಂದ ಮೂವತ್ತು ಬಂದಿತ್ತು. ನುಂಗಿಕೊಂಡೆ. ಈ ಸಲ ನಂಬಲೇಬೇಕಾದ ಮಾತು ಬೇಕಿತ್ತು.

"ಮೂರು" ಅಂದೆ.

ಅಮ್ಮ ಮನಸ್ಸಿನಲ್ಲೇ ಅರ್ಧ ಮಾಡಿಕೊಂಡಳು. ಹಾಗಾದರೆ ಒಂದಾದರೂ ಇರಲೇಬೇಕು ಎಂದು ಅವಳಿಗೆ ಖಾತ್ರಿಯಾಯಿತು. ಅಪ್ಪ ಕ್ಯಾಮರಾ ಹಿಡಿದು ಮಿಸುಕದೆ ನಿಂತ. ನಾನು ಹೇಳುತ್ತ ಹೋದೆ, ಈಗ ಒಂದು ಮುಳುಗಿತು, ಈಗ ಬಾಲ ಕಾಣಿಸಿತು, ಎಡಕ್ಕೆ, ಇನ್ನೂ ಎಡಕ್ಕೆ. ಹರೀಶ ಹೌದು ಹೌದು ಅನ್ನುತ್ತ ಹೋದ. ಆ ಖಾಲಿ ನೀರಿನ ಮೇಲೆ ನಾವಿಬ್ಬರೂ ಸೇರಿ ಎಂಥ ಡಾಲ್ಫಿನ್‌ಗಳನ್ನು ಕುಣಿಸಿದೆವು ಅಂತೀರಿ. ಕೊನೆಗೆ ಹಿಂದಿನಿಂದ ಡಬ್ಬಿಯ ಮುಚ್ಚಳ ಟಕ್ಕೆಂದು ಕೂತ ಸದ್ದಾಯಿತು. ಡಾಲ್ಫಿನ್‌ಗಳು ತಕ್ಷಣ ಹೊರಟುಹೋದವು.

ಆಮೇಲೆ ದ್ವೀಪದಲ್ಲಿ ಇಳಿದಾಗ ಅಪ್ಪ, ಅಮ್ಮ ಏಡಿಗಳ ಹಿಂದೆ ಹೋದರು. ಚಿಕ್ಕಮ್ಮ ನೆರಳಿನಲ್ಲಿ ಕಣ್ಣು ಮುಚ್ಚಿ ಕೂತಿದ್ದಳು. ಹರೀಶ ಡಬ್ಬಿ ಎತ್ತಿಕೊಂಡು ನೀರಿನಂಚಿಗೆ ಹೋದ. ಪ್ಯಾಂಟು ಮಡಚಿ ಕುಕ್ಕರುಗಾಲಲ್ಲಿ ಕೂತು, ತೂತುತೂತಿನ ಒಂದು ಕರಿಕಲ್ಲು ಆರಿಸಿ, ಮರಳು ಹಾಕಿ, ಹೋಟೆಲಿನ ಹಿಂಬದಿಯಲ್ಲಿ ಕಲಿತ ಕೈಯಲ್ಲಿ ತಿಕ್ಕಿದ, ಒಳಗೆ, ಹೊರಗೆ, ಮುಚ್ಚಳದ ಅಂಚಿಗೆ. ಬಿಸಿಲಿಗೆ ಹಿಡಿದು ಮೂಸಿ ನೋಡಿ, ಇನ್ನೊಮ್ಮೆ ತಿಕ್ಕಿದ. ಹೊಳೆಯುವ ಡಬ್ಬಿಯನ್ನೂ ಕಲ್ಲನ್ನೂ ನನ್ನ ಕೈಗೆ ಕೊಟ್ಟು, "ಇದರಾಗೆ ಉಪ್ಪಿಟ್ಟಿತ್ತು, ಖಾಲಿ ಆಯ್ತು. ಅಷ್ಟೇ ಅಲ್ವಾ?" ಅಂದ.

ಅಷ್ಟೇ ಅಂದೆ. ಫೇಲ್ ಮಾಡಲು ಬಂದವಳು ಅಲ್ಲಿಯೇ ನಾನು ಅವರಿಗೆ ಬಹುವಚನ ಕೊಡಲು ಶುರುಮಾಡಿದ್ದು.

ಸಂಜೆ ಘಟ್ಟ ಹತ್ತುವಾಗ ಅವರು ಮುಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದರು. ಹಿಂದೆ ಅಮ್ಮ ತುಳುವಿನಲ್ಲಿ ಮೆಲ್ಲಗೆ ಎಂತ ಹೇಳ್ತಿ ಎಂದು ಚಿಕ್ಕಮ್ಮನನ್ನು ಕೇಳಿದಳು. ಚಿಕ್ಕಮ್ಮ ಕಿಟಕಿಯ ಹೊರಗೆ ನೋಡುತ್ತಿದ್ದಳು. ಬಬೂನ್ ತಿರುವು ದಾಟಿತು. ಆಮೇಲೆ, "ಆಗ್ಬಹುದು" ಅಂದಳು. ನನ್ನ ಕೈ ಅವಳ ಕೈಯೊಳಗಿತ್ತು. ಕಲ್ಲು ನನ್ನ ಮಡಿಲಲ್ಲಿತ್ತು. ನಾನು ನಿದ್ದೆ ಬಂದವಳ ಹಾಗೆ ಕಣ್ಣು ಮುಚ್ಚಿಕೊಂಡೆ, ಯಾಕೆಂದರೆ ತೆರೆದಿಟ್ಟಿದ್ದರೆ ಕಣ್ಣಿನಿಂದ ಕೆಂಪು ಸಮುದ್ರ ಹರಿಯುತ್ತಿತ್ತು. ಸರಿ, ಎರಡು ಹನಿ.

ಇಷ್ಟು ಹೇಳುವಷ್ಟರಲ್ಲಿ ಕರೆಗಂಟೆ ಆಯಿತು. ಬಕೆಟ್ಟಿನಿಂದ ಎದ್ದು ಓಡಿದೆ. ಚಿಕ್ಕಮ್ಮ ಬಂದವಳೇ ನಲ್ಲಿಯ ಸಂದಿ ನೋಡಿದಳು, ಏನೂ ಹೇಳಲಿಲ್ಲ. ಅಂದರೆ ನಾನು ಪಾಸು. ಊಟವಾದ ಮೇಲೆ ಅಪ್ಪ ಎಂದಿನಂತೆ ಆ ವಿಡಿಯೋ ಹಾಕಿದ. ಮನೆಗೆ ಯಾರು ಬಂದರೂ ಹಾಕುತ್ತಾನೆ. ಗಿಡುಗ, ಗೂಡು, ಹವಾಯಿ ಚಪ್ಪಲಿ, ಗಿರಕ್ಕನೆ ತಿರುಗುವ ಆಕಾಶ, ಆಮೇಲೆ ಕಡಲು. ಬರೀ ಕಡಲು. ಮುಗಿಯದ ಹಸಿರು ನೀರು, ಅದರ ಮೇಲೆ ಹನ್ನೆರಡು ವರ್ಷದ ನನ್ನ ಕೀರಲು ದನಿ, ಎಡಕ್ಕೆ, ಇನ್ನೂ ಎಡಕ್ಕೆ. ಡಾಲ್ಫಿನ್‌ಗಳು ಬಹಳ ಚುರುಕು, ತನ್ನ ಕ್ಯಾಮರಾ ಸ್ವಲ್ಪ ನಿಧಾನ ಎಂದು ಅಪ್ಪ ಇವತ್ತಿಗೂ ನಂಬಿದ್ದಾನೆ.

ಮೂರು ವರ್ಷದ ಪುಟ್ಟಿ ಟಿವಿಗೆ ಮೂಗು ತಾಗಿಸಿ ನಿಂತಿದ್ದಳು. ಎಲ್ಲಿ ಎಂದು ಕೇಳಿದಳು. ಅಮ್ಮ ಎರಡಿತ್ತು ಮಗಾ ಅಂದಳು. ಚಿಕ್ಕಪ್ಪ ನನ್ನ ಮುಖ ನೋಡಿ, ಬೇಗ ತಟ್ಟೆಯಲ್ಲಿದ್ದ ಖರ್ಜೂರದ ಕಡೆ ನೋಡಿದರು. ನಾನು ಮೂರು ಅಂದೆ. ಅದರಿಂದ ನಾನು ಯಾವತ್ತೂ ಕದಲಿದವಳಲ್ಲ.

ಆಗ ಚಿಕ್ಕಮ್ಮ ಎದ್ದಳು. ಈ ವಿಡಿಯೋ ಹಾಕಿದಾಗಲೆಲ್ಲ ಅವಳು ಅಡಿಗೆಮನೆಯಲ್ಲಿ ಏನಾದರೂ ಕೆಲಸ ಹುಡುಕಿಕೊಳ್ಳುತ್ತಿದ್ದಳು. ಇವತ್ತು ಮಗಳ ಪಕ್ಕ ಮೊಣಕಾಲೂರಿ ಕೂತು, ಪರದೆಯ ಮೇಲೆ, ಆ ಖಾಲಿ ನೀರಿನ ಮೇಲೆ, ಬೆರಳಿಟ್ಟಳು. ಇಲ್ಲೊಂದು ಉಂಟು, ಇಲ್ಲೊಂದು ಉಂಟು ಎಂದು ಎಣಿಸುತ್ತ ಎಣಿಸುತ್ತ ಏಳಕ್ಕೆ ಬಂದು ನಿಲ್ಲಿಸಿದಳು.

"ಚಿಕ್ಕಮ್ಮ, ಡೋಸ್ ಜಾಸ್ತಿ ಆಯ್ತು" ಅಂದೆ.

"ನೀನು ಬರೀ ಮೂರು ನೋಡಿದ್ದು" ಅಂದಳು, ತಿರುಗದೆ. "ಡಬ್ಬಿಯ ಒಳಗಿಂದ ನನಗೆ ಎಲ್ಲ ಕಾಣ್ತಿತ್ತು."

ಯಾವ ಡಬ್ಬಿ ಎಂದು ಅಮ್ಮ ಕೇಳಿದಳು. ಚಿಕ್ಕಪ್ಪನ ಖರ್ಜೂರ ಗಂಟಲಲ್ಲಿ ಸಿಕ್ಕಿಕೊಂಡಿತು. ಪುಟ್ಟಿ ತನ್ನ ಗಿಡ್ಡ ಬೆರಳನ್ನು ಯಾರೂ ಮುಟ್ಟದಿದ್ದ ಒಂದು ಮೂಲೆಯಲ್ಲಿಟ್ಟು, ಅಲ್ಲಿ ಇನ್ನೂ ಒಂದಿದೆ ಅಂದಳು.

ನಾನು ಹತ್ತಿರ ಹೋಗಿ ನೋಡಿದೆ. ಇತ್ತು.